ಹಲ್ಲು ಕೀಳದ ಡಾಕ್ಟರ್ ಶಿವನಂಜಪ್ಪ

ಹಲ್ಲಿನ ಡಾಕ್ಟರ್ ಶಿವನಂಜಪ್ಪನವರಿಗೆ ಮೇಲಿನ ಸಾಲಿನಲ್ಲಿ, ಎದುರಿಗೇ, ಒಂದು ಹಲ್ಲು ಇರಲಿಲ್ಲ. ಅವರು ನಕ್ಕರೆ ಮೊದಲು ಕಾಣುತ್ತಿದ್ದದ್ದು ಆ ಕಿಂಡಿ. ಶಿವರಾಂಪೇಟೆಯ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಷಾಪು. ಮೊದಲ ಸಲ ಬಂದವರು ಆ ನಗುವನ್ನು ಕಂಡು, ತನ್ನ ಹಲ್ಲನ್ನೇ ಉಳಿಸಿಕೊಳ್ಳಲಾರದ ಈ ಮನುಷ್ಯ ನಮ್ಮದನ್ನೇನು ಉಳಿಸಿಯಾನು ಎಂದುಕೊಂಡು ಮೆಟ್ಟಿಲಿಳಿದು ಹೋದದ್ದೂ ಉಂಟಂತೆ.

ಆ ಕಿಂಡಿ ಬಲಗಡೆ ಇತ್ತು ಎಂದು ನನ್ನ ನೆನಪು. ಎಡಗಡೆ ಎಂದು ನನ್ನ ಹೆಂಡತಿ. ನಾನು ಅವರನ್ನು ಕುರ್ಚಿಯಲ್ಲಿ ಮಲಗಿಕೊಂಡು ನೋಡಿದ್ದೇನೆ, ಎದುರು ನಿಂತೂ ನೋಡಿದ್ದೇನೆ. ಎರಡು ನೋಟಗಳೂ ತಲೆಯಲ್ಲಿ ಕಲೆತುಹೋಗಿ ಈಗ ಯಾವುದನ್ನೂ ನಂಬುವ ಹಾಗಿಲ್ಲ. ಹಲ್ಲು ಇರಲಿಲ್ಲ ಎಂಬುದಂತೂ ನಿಜ. ಒಮ್ಮೆ ಧೈರ್ಯ ಮಾಡಿ, ಒಂದು ಕಟ್ಟಿಸಿಕೊಳ್ಳಬಾರದೇ ಎಂದು ಕೇಳಿದ್ದೆ.

"ಹುಡುಗ್ನಾಗಿದ್ದಾಗ ನಮ್ಮೂರ ಕಮ್ಮಾರ ಇಕ್ಕಳ ಹಾಕಿ ಕಿತ್ತ್ಬುಟ್ಟ ಕಣ್ರೀ. ನೋವಿದ್ದದ್ದು ಪಕ್ಕದ್ರಲ್ಲಿ" ಎಂದು ಅವರು ಆ ಕಿಂಡಿ ಕಾಣುವಂತೆ ನಕ್ಕರು. "ಕಟ್ಟಿಸ್ಕೊಳಲ್ಲ. ಇದೇ ನನ್ನ ಬೋರ್ಡು. ಕಿತ್ತ್ರೆ ಇಂಗಾಗತ್ತೆ ಅಂತ ಬಂದೋರ್ಗೆಲ್ಲ ಕಾಣ್ಲಿ."

ಆಗಿನ್ನೂ ಸ್ವಾತಂತ್ರ್ಯ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಹಲ್ಲುನೋವೆಂದರೆ ಮೈಸೂರಿನಲ್ಲಿ ಒಂದೇ ಉಪಾಯ, ಕೀಳಿಸುವುದು. ಜನ ಕೀಳಿಸಿಕೊಳ್ಳಲು ಸಿದ್ಧರಾಗಿಯೇ ಬರುತ್ತಿದ್ದರು. ಶಿವನಂಜಪ್ಪನವರು ಅವರೊಡನೆ ಜಗಳಕ್ಕೆ ನಿಲ್ಲುತ್ತಿದ್ದರು. "ಕೀಳೋದು ನಾಳೇನೂ ಆಗತ್ತೆ. ಕಿತ್ತ ಮ್ಯಾಲೆ ತಿರ್ಗಿ ನೆಡಕ್ಕೆ ಇದೇನು ಬಾಳೆಗಿಡಾನಾ? ಕೂತ್ಕೊಳ್ಳಿ." ಹಣೆಯ ಮೇಲೆ ವಿಭೂತಿ, ಪಂಚೆಯ ಮೇಲೆ ಬಿಳಿ ಕೋಟು. ಹಳ್ಳಿಯಿಂದ ಬಂದು, ಮಠದ ಹಾಸ್ಟೆಲಿನಲ್ಲಿ ಉಂಡು ಓದಿ, ಕಲ್ಕತ್ತೆಗೆ ಹೋಗಿ ಪದವಿ ತಂದವರು. ಅಷ್ಟು ದೂರ ಹೋಗಿ ಬಂದರೂ ಮಾತು ಮಾತ್ರ ಊರಿನದೇ.

ಅವರ ನಿಜವಾದ ಹುಚ್ಚು ಇನ್ನೊಂದಿತ್ತು. ಒಮ್ಮೆ ಬೇರು ತುಂಬಿಸಿಕೊಂಡೂ ಕೆಟ್ಟುಹೋದ ಹಲ್ಲನ್ನು ಮತ್ತೆ ಬಿಚ್ಚುವುದು. ಹಲ್ಲಿನೊಳಗಿನ ನರ ಸತ್ತಾಗ ಬೇರಿನ ಕೊಳವೆಯನ್ನು ಚೊಕ್ಕಮಾಡಿ ಗಟ್ಟಾಪರ್ಚಾ ಎಂಬ ಗುಲಾಬಿ ಬಣ್ಣದ ಅಂಟನ್ನು ತುಂಬುತ್ತಾರೆ. ಅದು ಮಲಯ ದೇಶದ ಮರದ ಹಾಲು. "ರಬ್ಬರಿನ ದಾಯಾದಿ" ಎನ್ನುತ್ತಿದ್ದರು ಶಿವನಂಜಪ್ಪನವರು. ತುಂಬಿದ್ದು ಸರಿಯಾಗದಿದ್ದರೆ ಕೆಳಗೆ ಕೀವು ಕೂಡುತ್ತದೆ. ಆಗ ಹಳೆಯದನ್ನೆಲ್ಲ ಹೊರಗೆ ತೆಗೆದು ಮೊದಲಿನಿಂದ ಶುರುಮಾಡಬೇಕು. ಕೂದಲಿನಷ್ಟು ಸಣ್ಣ ದಾರಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಗಟ್ಟಿಯಾಗಿ ಕೂತ ಅಂಟು. ಬೇರೆ ಡಾಕ್ಟರುಗಳು ಅಂಥ ಹಲ್ಲನ್ನು ಕಂಡರೆ ಇಕ್ಕಳಕ್ಕೆ ಕೈಹಾಕುತ್ತಿದ್ದರು. ಇವರು ಕೋಟಿನ ತೋಳು ಮಡಿಸುತ್ತಿದ್ದರು.

ಮೊದಲು ತುಂಬಿದವರನ್ನು ರೋಗಿಗಳು ಬಯ್ದರೆ ಇವರಿಗೆ ಸಹಿಸುತ್ತಿರಲಿಲ್ಲ. "ಬಯ್ಬ್ಯಾಡಿ. ಅವ್ರ ಕೈಗೆ ಸಿಕ್ಕಷ್ಟು ಅವ್ರು ಮಾಡವ್ರೆ. ಬಾಯಿ ಬಯ್ಯಕ್ಕಲ್ಲ ತೆಗ್ದಿರೋದು, ಅಗ್ಲ ತೆಗೀರಿ."

ನಾನು ಅವರಲ್ಲಿಗೆ ಮೊದಲು ಹೋದದ್ದು ನನ್ನ ದವಡೆ ಹಲ್ಲಿಗೆ. ಆದರೆ ಅವರು ಎಂಥವರೆಂದು ಕಂಡದ್ದು ರಾಜಪ್ಪನ ಹಲ್ಲಿನಿಂದ.

ರಾಜಪ್ಪ ನಮ್ಮ ಪಕ್ಕದ ಮನೆಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ದಸರಾ ಮೆರವಣಿಗೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದ. ಆ ವಾದ್ಯದ ಮೂತಿಯನ್ನು ಮೇಲಿನ ಎದುರು ಹಲ್ಲಿನಿಂದ ಕಚ್ಚಿ ಹಿಡಿಯಬೇಕು. ಅವನ ಎದುರು ಹಲ್ಲೊಂದರ ಬೇರನ್ನು ಹಿಂದೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಯಾರೋ ತುಂಬಿದ್ದರು. ಈಗ ಅದರ ಮೇಲಿನ ವಸಡಿನಲ್ಲಿ ಬೊಕ್ಕೆ ಎದ್ದು ಕೀವು ಸೋರುತ್ತಿತ್ತು. ತೋರಿಸಿದ ಕಡೆಯಲ್ಲೆಲ್ಲ ಕೀಳಿಸು ಎಂದಿದ್ದರು. ಕೀಳಿಸಿದರೆ ಕಟ್ಟಿದ ಹಲ್ಲು ಆ ಬಿಗಿಗೆ ನಿಲ್ಲುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಸಾಲದ್ದಕ್ಕೆ ಹೊಸ ಬ್ಯಾಂಡ್ ಮಾಸ್ಟರು ಬಂದಿದ್ದರು. ದಸರಾ ತಾಲೀಮು ಶುರುವಾಗುವ ಮೊದಲು ಒಬ್ಬೊಬ್ಬರನ್ನೂ ನಿಲ್ಲಿಸಿ ನುಡಿಸಿ ಕೇಳುತ್ತೇನೆ, ಆಗದವರು ಜಾಗ ಬಿಡಬೇಕು ಎಂದು ಹೇಳಿಬಿಟ್ಟಿದ್ದರು.

"ಕ್ಲಾರಿಯೊನೆಟ್ ಹೋದ್ರೆ ಏನ್ಮಾಡ್ಲಿ ಮೇಷ್ಟ್ರೇ? ತಾಳ ಕುಟ್ಲಾ?" ಎಂದ ರಾಜಪ್ಪ. ನಾನು ಅವನನ್ನು ಶಿವರಾಂಪೇಟೆಗೆ ಕರೆದುಕೊಂಡು ಹೋದೆ.

ಶಿವನಂಜಪ್ಪನವರು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟು ಎಕ್ಸ್‌ರೇ ತೆಗೆಸಿ ತರಿಸಿದರು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಹೇಳಿದ ಮಾತಿಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ನಾಳೆ ವಾದ್ಯ ತಗೊಂಡ್ಬಾ."

ಅದು ಅವರ ಕ್ರಮವಂತೆ. ವಕೀಲರು ಬಂದರೆ ಕುರ್ಚಿಯಲ್ಲೇ ವಾದ ಮಾಡಿಸುತ್ತಿದ್ದರು. ಹರಿಕಥೆಯವರು ಬಂದರೆ ಕಥೆ ಹೇಳಿಸುತ್ತಿದ್ದರು. ಹಲ್ಲು ಸುಮ್ಮನಿದ್ದಾಗ ನೋಡಿದರೆ ಅರ್ಧ ಗೊತ್ತಾಗುತ್ತದೆ, ಕೆಲಸ ಮಾಡುವಾಗ ನೋಡಬೇಕು ಎನ್ನುತ್ತಿದ್ದರು. ಮಾರನೆಯ ದಿನ ರಾಜಪ್ಪ ಆ ಕುರ್ಚಿಯಲ್ಲಿ ನೆಟ್ಟಗೆ ಕೂತು ಕ್ಲಾರಿಯೊನೆಟ್ ಎತ್ತಿದ. ಡಾಕ್ಟರು ಅವನ ಮೇಲ್ದುಟಿಯನ್ನು ತುಸು ಸರಿಸಿ ತೋರುಬೆರಳನ್ನು ಆ ಹಲ್ಲಿನ ಮೇಲಿಟ್ಟು ಕಣ್ಣುಮುಚ್ಚಿಕೊಂಡರು. ರಾಜಪ್ಪ ಊದಿದ. ಯಾವ ರಾಗವೆಂದು ಕೇಳಿದರೆ ನಾನು ಈಗ ಮೋಹನ ಎನ್ನುತ್ತೇನೆ, ಆದರೆ ಬೇರೆಯದೇ ಇದ್ದೀತು. ಒಂದು ಕಡೆ ಗಾಳಿ ಸೋರಿ ಸ್ವರ ಒಡೆಯಿತು. ರಾಜಪ್ಪನ ಕಣ್ಣಲ್ಲಿ ನೀರು ಬಂತು. ಕೆಳಗೆ ಬೀದಿಯಲ್ಲಿ ಜನ ನಿಂತರು. ಸೈಕಲ್ ಅಂಗಡಿಯ ಸಾಹೇಬರು ಕತ್ತೆತ್ತಿ ಕೂಗಿದರು: "ಏನ್ ಡಾಕ್ಟರ್ ಸಾಬ್, ನಿಮ್ಮ ಪೇಷಂಟುಗಳು ಈಗ ರಾಗವಾಗಿ ಅಳೋಕೆ ಶುರುಮಾಡಿದ್ರಾ?"

ಶಿವನಂಜಪ್ಪನವರು ಕಣ್ಣು ತೆರೆದರು. "ಅಲ್ಲಾಡತ್ತೆ, ಆದ್ರೆ ಬುಡ ಹಿಡ್ಕೊಂಡದೆ. ಹಳೇ ಸರಕು ಅರ್ಧಕ್ಕೇ ನಿಂತದೆ, ಅದರ ಕೆಳ್ಗೆ ಟೊಳ್ಳು. ಎಲ್ಲಾನೂ ಈಚೆಗೆ ತೆಗ್ದು ತುದೀಗಂಟ ಚೊಕ್ಕ ಮಾಡ್ಬೇಕು."

"ಉಳಿಯುತ್ತದೆಯೇ?" ಎಂದು ಕೇಳಿದವನು ನಾನು.

"ಉಳೀತದೆ ಅಂತ ನಾನ್ಯಾಕೆ ಹೇಳ್ಲಿ? ಬುಡಲ್ಲ ಅಂತ ಹೇಳ್ತೀನಿ."

ಕೆಲಸ ಶುರುವಾಯಿತು. ಷಾಪಿನಲ್ಲಿ ಹೊಲಿಗೆ ಮಿಷನ್ನಿನ ಹಾಗೆ ಕಾಲಿನಿಂದ ತುಳಿಯುವ ಡ್ರಿಲ್ ಇತ್ತು. ಹಲ್ಲಿನ ಹಿಂಬದಿಯಿಂದ ಬಾಗಿಲು ತೆರೆಯುವವರೆಗೆ ಮಾತ್ರ ಅದು. ಬೇರಿನೊಳಗೆ ಬೆರಳಿನಲ್ಲಿ ತಿರುಗಿಸುವ ಸಣ್ಣ ಸೂಜಿಯೇ ಆಗಬೇಕು. ಅಂಟನ್ನು ಮೆತ್ತಗೆ ಮಾಡಲು ಬೇರೆಯವರು ಕ್ಲೋರೋಫಾರಂ ಬಿಡುತ್ತಿದ್ದರು. ಇವರದು ನೀಲಗಿರಿ ಎಣ್ಣೆ. ನಾವು ನೆಗಡಿಗೆ ಹಣೆಗೆ ಹಚ್ಚುವಂಥದೇ, ಊಟಿಯಿಂದ ತರಿಸಿದ್ದು. ಪುಟ್ಟ ಸೀಸೆಯನ್ನು ಬಿಸಿನೀರಿನ ಚೊಂಬಿನಲ್ಲಿ ಇಳಿಬಿಟ್ಟು, ಒಂದು ತೊಟ್ಟು ಹಲ್ಲಿನೊಳಕ್ಕೆ ಬಿಟ್ಟು, ಕಾಯುತ್ತಿದ್ದರು. ಆಮೇಲೆ ಸೂಜಿಯನ್ನು ಗಡಿಯಾರಕ್ಕೆ ಕೀಲಿ ಕೊಡುವಂತೆ ತುಸು ಮುಂದಕ್ಕೆ, ತುಸು ಹಿಂದಕ್ಕೆ ತಿರುಗಿಸಿ ಹೊರತೆಗೆದರೆ ಅದರ ಮೈಗೆ ಗುಲಾಬಿ ಬಣ್ಣದ ಸಣ್ಣ ಎಳೆ ಸುತ್ತಿಕೊಂಡಿರುತ್ತಿತ್ತು. ಅದನ್ನು ಗಾಜಿನ ಚೂರಿನ ಮೇಲೆ ಒರೆಸಿ, ಮತ್ತೆ ಒಂದು ತೊಟ್ಟು ಎಣ್ಣೆ, ಮತ್ತೆ ಕಾಯುವುದು.

"ಕ್ಲೋರೋಫಾರಂ ಹಾಕಿದರೆ ಬೇಗ ಆಗುವುದಿಲ್ಲವೇ?" ಎಂದೆ.

"ಬೇಗ ಆಗತ್ತೆ. ಬೇಗ ಕರಗಿದ್ದು ಬೇಗ ಕೆಳಕ್ಕೂ ಜಾರತ್ತೆ ಮೇಷ್ಟ್ರೇ. ನಂಗೆ ಮೇಲಕ್ಕೆ ಬರ್ಬೇಕು."

ಆ ಸರಕು ಸುಲಭಕ್ಕೆ ಬರಲಿಲ್ಲ. ಮೇಲಿನದು ಎಣ್ಣೆಗೆ ಮೆತ್ತಗಾಯಿತು. ಅದರ ಕೆಳಗೆ ಸಿಮೆಂಟಿನ ಹಾಗೆ ಬಿಗಿದ ಒಂದು ಪದರ ಸಿಕ್ಕಿತು. ಕೆಲವು ದಿನ ಗಂಟೆಗಟ್ಟಲೆ ಕೂತರೂ ಸೂಜಿ ಎಳ್ಳಷ್ಟೂ ಮುಂದೆ ಹೋಗುತ್ತಿರಲಿಲ್ಲ. ಡಾಕ್ಟರು ಬೆನ್ನು ನೆಟ್ಟಗೆ ಮಾಡಿ, ಕಿಟಕಿಯಾಚೆ ಚಾಮುಂಡಿ ಬೆಟ್ಟದ ಕಡೆ ನೋಡಿ, ಮತ್ತೆ ಬಾಗುತ್ತಿದ್ದರು. ಬೇಸರದ ಮಾತಾಡಿದ್ದು ನನಗೆ ನೆನಪಿಲ್ಲ. ಆಡಿಯೇ ಇರಲಿಲ್ಲವೋ, ನಾನು ಮರೆತೆನೋ. ಪ್ರತಿ ಸಲವೂ ಹಲ್ಲಿಗೆ ಲವಂಗದ ಎಣ್ಣೆಯ ಮದ್ದು ಮೆತ್ತಿ ಬಾಗಿಲು ಮುಚ್ಚಿ ಕಳಿಸುವಾಗ ಒಂದೇ ಮಾತು: "ಊದ್ಬ್ಯಾಡ. ನಾನು ಹೇಳೋಗಂಟ ಊದ್ಬ್ಯಾಡ."

ಹೀಗಿರುವಾಗ ಒಂದು ಬೆಳಿಗ್ಗೆ ರಾಜಪ್ಪ ಬೇಲಿಯ ಹತ್ತಿರ ಬಂದು ನಿಂತ. ಮೇಲ್ದುಟಿ ಬಾತು ಮೂಗಿಗೆ ತಾಗಿತ್ತು. ಷಾಪಿನಲ್ಲಿ ಡಾಕ್ಟರು ಬಾಯಿ ತೆರೆಸಿ ನೋಡಿದರೆ ಮೆತ್ತಿದ ಮದ್ದು ಒಡೆದು ಉದುರಿಹೋಗಿದೆ; ಎಂಜಲೆಲ್ಲ ಒಳಗೆ ಇಳಿದು ಮತ್ತೆ ಕೀವು ತುಂಬಿದೆ.

"ಊದಿದ್ಯಾ?"

"ಇಲ್ಲ ಡಾಕ್ಟ್ರೇ. ದೇವ್ರಾಣೆ ಊದ್ಲಿಲ್ಲ."

"ಮತ್ತೆ?"

ರಾಜಪ್ಪ ನೆಲ ನೋಡಿದ. "ಬೆರಳು ಮರ್ತೋದ್ರೆ ಅಂತ ಭಯ ಆಯ್ತು. ಹಿತ್ಲಲ್ಲಿ ಕೂತ್ಕೊಂಡು, ಬಾಯಿಗಿಟ್ಕೊಂಡು, ಬರೀ ಬೆರಳಾಡಿಸ್ತಿದ್ದೆ. ಉಸಿರು ಬುಡ್ಲೇ ಇಲ್ಲ."

"ಕಚ್ಕೊಂಡು?"

"ಕಚ್ಕೊಂಡು."

ದಿನಾ ಬೆಳಿಗ್ಗೆ ಎದ್ದು, ಶಬ್ದವಿಲ್ಲದೆ, ಕೀರ್ತನೆಯ ಮೇಲೆ ಕೀರ್ತನೆ ಕಚ್ಚಿ ಮುಗಿಸಿದ್ದನಂತೆ ಪುಣ್ಯಾತ್ಮ. ನಾನು ಡಾಕ್ಟರ ಮುಖ ನೋಡಿದೆ. ಈಗ ಸಿಟ್ಟು ಬರುತ್ತದೆ, ಕೈಚೆಲ್ಲುತ್ತಾರೆ ಎಂದುಕೊಂಡೆ. ಅವರು ಕೋಟಿನ ತೋಳು ಮಡಿಸಿದರು.

"ತಪ್ಪು ನಂದು. ಊದ್ಬ್ಯಾಡ ಅಂದೆ, ಕಚ್ಬ್ಯಾಡ ಅನ್ಬೇಕಿತ್ತು. ಹಲ್ಲಿಗೆ ರಾಗ ತಿಳ್ಯತ್ತಾ, ಅದಕ್ಕೆ ಗೊತ್ತಿರೋದು ಭಾರ ಒಂದೇ. ಮಲಕ್ಕೊ." ಕೀವು ಹರಿಸಿ, ತೊಳೆದು, ಆಮೇಲೆ ಹೇಳಿದರು: "ಬೆರಳಾಡಿಸ್ಲೇಬೇಕು, ಊದ್ಲೇಬೇಕು ಅಂದ್ರೆ ಮೇಲ್ದುಟೀನ ಹಲ್ಲಿನ ಮೇಲೆ ಮಡಿಸ್ಕೊಂಡು ಹಿಡಿ. ಬೊಚ್ಚುಬಾಯಿ ಮುದ್ಕಿ ಹೆಂಗೆ ಚಕ್ಲಿ ಚೀಪ್ತಾಳೆ, ಅಂಗೆ."

ರಾಜಪ್ಪ ಹಾಗೆ ಹಿಡಿಯುವುದನ್ನು ಕಲಿತ. ಮೊದಲಲ್ಲಿ ಅವನ ಕ್ಲಾರಿಯೊನೆಟ್ಟು ನೆಗಡಿಯಾದ ಬಾತುಕೋಳಿಯಂತೆ ಕೂಗುತ್ತಿತ್ತು. ಆದರೆ ತಾಲೀಮಿನ ದಿನ ಹತ್ತಿರ ಬರುತ್ತಿತ್ತು, ಹಲ್ಲಿನೊಳಗೆ ಹಳೆಯ ಸರಕು ಇನ್ನೂ ಉಳಿದಿತ್ತು. ಡಾಕ್ಟರು ಭಾನುವಾರವೂ ಷಾಪು ತೆರೆದರು. ಕೊನೆಗೊಂದು ದಿನ ಸೂಜಿ ಆ ಗಟ್ಟಿ ಪದರವನ್ನು ದಾಟಿ ಕೆಳಗಿಳಿಯಿತು. ಅದನ್ನು ನಾನು ನೋಡಲಿಲ್ಲ. ಅವರ ಭುಜ ಸಡಿಲವಾದದ್ದನ್ನು ನೋಡಿದೆ. ಅಲ್ಲಿಂದ ಮುಂದೆ ಗುಲಾಬಿ ಚೂರುಗಳು ಒಂದೊಂದಾಗಿ ಗಾಜಿನ ಮೇಲೆ ಬಂದು ಕೂತವು.

ಎಲ್ಲ ಬಂದಿತೆಂದು ತಿಳಿಯಲು ಅವರದೊಂದು ಪರೀಕ್ಷೆ ಇತ್ತು. ಸೂಜಿಗೆ ಹತ್ತಿಯ ಎಳೆ ಸುತ್ತಿ ಒಳಗೆ ಬಿಟ್ಟು ತಿರುಗಿಸಿ ತೆಗೆಯುವುದು. ಹತ್ತಿ ಬಿಳಿಯಾಗಿಯೇ ಬರಬೇಕು, ವಾಸನೆ ಇರಬಾರದು. ಅಂದು ಹತ್ತಿ ಬಿಳಿಯಾಗಿಯೇ ಬಂತು. ಡಾಕ್ಟರು ಅದನ್ನು ನನ್ನ ಕಡೆಗೆ ಹಿಡಿದರು.

ನನ್ನ ಕಸುಬು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವುದು. ಬಾಯಿ ಸುಮ್ಮನಿರಲಿಲ್ಲ. "ಹತ್ತಿ ಬಿಳಿ ಇದ್ದರೆ, ಹತ್ತಿ ತಾಗಿದ ಕಡೆ ಏನೂ ಇಲ್ಲ ಎಂದಷ್ಟೇ ಆಯಿತು. ತಾಗದ ಕಡೆ ಏನಿದೆಯೋ?"

ರಾಜಪ್ಪ ಬಾಯಿ ತೆರೆದುಕೊಂಡೇ ನನ್ನನ್ನು ದುರುಗುಟ್ಟಿ ನೋಡಿದ. ಶಿವನಂಜಪ್ಪನವರು ಹತ್ತಿಯನ್ನು ನೋಡಿದರು, ನನ್ನನ್ನು ನೋಡಿದರು. "ಅದೂ ಸರಿ ಅನ್ನಿ" ಎಂದು, ತುಂಬುವುದನ್ನು ನಿಲ್ಲಿಸಿ, ಇನ್ನೊಂದು ಎಕ್ಸ್‌ರೇಗೆ ಚೀಟಿ ಬರೆದರು.

ಹೀಗೆ ನಡೆಯಿತೆಂದು ನಾನು ಹೇಳುತ್ತೇನೆ. ಚೀಟಿಯನ್ನು ಡಾಕ್ಟರು ಮೊದಲೇ ಬರೆದಿಟ್ಟಿದ್ದರು, ನಿಮ್ಮ ಮಾತು ಆಮೇಲಿನದು ಎಂದು ರಾಜಪ್ಪ ಹೇಳುತ್ತಾನೆ. ನೆನಪು ಯಾವಾಗಲೂ ನೆನೆಯುವವನ ಪಕ್ಷಕ್ಕೇ ವಾಲುವುದರಿಂದ ಅವನ ಮಾತನ್ನು ತಳ್ಳಿಹಾಕಲಾರೆ.

ಎರಡನೆಯ ಫಿಲ್ಮು ಬಂತು. ಡಾಕ್ಟರು ಕಿಟಕಿಯ ಹತ್ತಿರ ಒಬ್ಬರೇ ನಿಂತು ನೋಡಿದರು. ಆಮೇಲೆ ಒಂದು ಸಣ್ಣ ಸೂಜಿ ತೆಗೆದುಕೊಂಡು ಕುರ್ಚಿಗೆ ಬಾಗಿ ಮತ್ತೆ ಬಹಳ ಹೊತ್ತು ಕೆಲಸ ಮಾಡಿದರು. ಗಾಜಿನ ಮೇಲೆ ಇನ್ನೂ ಒಂದೆರಡು ಚೂರು ಬಿದ್ದವು. ಮತ್ತೆ ಎಕ್ಸ್‌ರೇ. ಆ ಫಿಲ್ಮನ್ನು ನನ್ನ ಕೈಗೇ ಕೊಟ್ಟರು.

"ನೀವೇ ನೋಡಿ ಮೇಷ್ಟ್ರೇ. ನಿಮ್ಗೆ ತೃಪ್ತಿ ಆಗ್ಬೇಕು."

ನಾನು ಬೆಳಕಿಗೆ ಹಿಡಿದೆ. ಬೂದು ಬಣ್ಣದಲ್ಲಿ ಒಂದು ಕಪ್ಪು ಗೆರೆ. ತುದಿಯವರೆಗೂ ಖಾಲಿ ದಾರಿ, ಒಂದು ಚೂರೂ ಇಲ್ಲ. "ತೃಪ್ತಿಯಾಯಿತು" ಎಂದೆ. ಡಾಕ್ಟರು ನಕ್ಕರು. ಮಾರನೆಯ ದಿನ ಹೊಸದಾಗಿ ತುಂಬಿದರು.

ಬ್ಯಾಂಡ್ ಮಾಸ್ಟರ ಮುಂದೆ ರಾಜಪ್ಪ ನಿಂತ ಬೆಳಿಗ್ಗೆ ನಾನು ಕಾಲೇಜಿಗೆ ರಜೆ ಹಾಕಿ ತಾಲೀಮು ಮನೆಯ ಗೇಟಿನ ಹೊರಗೆ ನಿಂತಿದ್ದೆ. ಶಿವನಂಜಪ್ಪನವರು ಬರುವುದಿಲ್ಲ ಎಂದಿದ್ದರು. ರಾಜಪ್ಪನ ಸರದಿ ಬರುವ ಹೊತ್ತಿಗೆ ನೋಡಿದರೆ ರಸ್ತೆಯ ಆಚೆ ಮರದ ಕೆಳಗೆ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಒಳಗಿನಿಂದ ಕ್ಲಾರಿಯೊನೆಟ್ಟಿನ ಸ್ವರ ಬಂತು. ತುಟಿ ಮಡಿಸಿ ಹಿಡಿದದ್ದರಿಂದಲೋ ಏನೋ, ಮೊದಲಿಗಿಂತ ಮೃದುವಾಗಿತ್ತು. ಎಲ್ಲೂ ಒಡೆಯಲಿಲ್ಲ. ಮುಗಿದ ಮೇಲೆ ಆ ಕಡೆ ನೋಡಿದರೆ ಡಾಕ್ಟರು ಇರಲಿಲ್ಲ. ಷಾಪು ತೆರೆಯುವ ಹೊತ್ತಾಗಿತ್ತು. ರಾಜಪ್ಪನ ಜಾಗ ಉಳಿಯಿತು.

ಆ ಕಥೆಯನ್ನು ನಾನು ತರಗತಿಯಲ್ಲಿ ಹೇಳತೊಡಗಿದೆ. ಸಾಕ್ಷ್ಯ ಎಂದರೇನು, ಅರೆ ಸಾಕ್ಷ್ಯಕ್ಕೆ ಏಕೆ ತೃಪ್ತರಾಗಬಾರದು ಎಂಬುದಕ್ಕೆ ಅದು ನನ್ನ ಉದಾಹರಣೆ. ಬಿಳಿ ಹತ್ತಿ, ನನ್ನ ಪ್ರಶ್ನೆ, ಎರಡನೆಯ ಫಿಲ್ಮು, ಮೂರನೆಯ ಫಿಲ್ಮು, ಒಂದು ಚೂರೂ ಉಳಿಯದ ಬೇರು. ಹೇಳುತ್ತ ಹೇಳುತ್ತ ನನ್ನ ಪಾತ್ರ ಸ್ವಲ್ಪ ದೊಡ್ಡದಾಗಿರಲೂಬಹುದು.

ಶಿವನಂಜಪ್ಪನವರು ಮಾತ್ರ ಆ ಹಲ್ಲನ್ನು ಮರೆಯಲಿಲ್ಲ. ಆಗಾಗ ರಾಜಪ್ಪನನ್ನು ಕರೆಸಿ ಬಾಯೊಳಗೆ ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿ, ಕಿವಿಗೊಟ್ಟು, "ಇದೆ, ಹೋಗು" ಎನ್ನುತ್ತಿದ್ದರು. ಚೊಕ್ಕವಾದ ಹಲ್ಲನ್ನು ಏಕೆ ಇಷ್ಟು ಸಲ ತಟ್ಟುತ್ತಾರೆಂದು ನಾನು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು.

ವಯಸ್ಸಾದ ಮೇಲೆ ಅವರಿಗೆ ಕಣ್ಣು ಮಂಜಾಯಿತು. ಕಾಣದೆ ಸೂಜಿ ಹಿಡಿಯುವುದಿಲ್ಲವೆಂದು ಷಾಪು ಮುಚ್ಚಿ, ಹಾಸನದಲ್ಲಿದ್ದ ಮಗಳ ಮನೆಗೆ ಹೊರಟರು. ನಾನೂ ರಾಜಪ್ಪನೂ ರೈಲಿಗೆ ಹತ್ತಿಸಲು ಹೋದೆವು. ಸಾಮಾನೆಲ್ಲ ಏರಿಸಿಯಾದ ಮೇಲೆ ಅವರು ಪ್ಲಾಟ್‌ಫಾರಮ್ಮಿನ ಮೇಲೆಯೇ "ಬಾಯಿ ತೆಗಿ" ಎಂದರು. ಜೇಬಿನಿಂದ ಪೆನ್ನು ತೆಗೆದು ಅದರ ಹಿಂತುದಿಯಿಂದ ತಟ್ಟಿದರು. ಇಂಜಿನ್ನು ಉಗಿ ಬಿಡುತ್ತಿದ್ದ ಸದ್ದಿನಲ್ಲಿ ಏನು ಕೇಳಿಸಿತೋ, ತಲೆಯಾಡಿಸಿದರು.

"ಇದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಸುಖವಾಗಿ ನಿದ್ದೆ ಮಾಡ್ರಪ್ಪ" ಎಂದರು. ಅದೇನು ಹಾರೈಕೆಯೆಂದು ಆಗ ನನಗೆ ಅರ್ಥವಾಗಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಅಂದು ಸಂಜೆ ರಾಜಪ್ಪ ನಮ್ಮ ಜಗಲಿಗೆ ಬಂದು ಕೂತ. ನಾನೇ ಸಮಾಧಾನಕ್ಕೆಂದು, "ಒಂದು ಚೂರೂ ಬಿಡದ ಹಾಗೆ ತೆಗೆದರಲ್ಲಯ್ಯ" ಎಂದೆ.

"ಬುಟ್ರು" ಎಂದ ರಾಜಪ್ಪ.

"ಏನು?"

"ಒಂಚೂರು ಬುಟ್ರು ಮೇಷ್ಟ್ರೇ. ಬೇರಿನ ತುದೀಲಿ. ಇನ್ನೂ ಕೆಣಕಿದ್ರೆ ಆಚೆ ಮೂಳೆಗೆ ನೂಕಿದಂಗಾಗತ್ತೆ, ಆಗ ಹಲ್ಲೇ ಹೋಗತ್ತೆ ಅಂದ್ರು. ಸುತ್ತ ಎಲ್ಲ ಚೊಕ್ಕ ಆಗದೆ, ಅದು ಅಲ್ಲೇ ಬಿದ್ದಿರ್ಲಿ, ನಾನು ನೋಡ್ಕೊತೀನಿ ಅಂದ್ರು. ಒಪ್ಪಿಗೆನಾ ಅಂತ ಕೇಳಿದ್ರು. ನಾನು ಊಂ ಅಂದೆ."

"ಆ ಫಿಲ್ಮನ್ನು ನಾನೇ ನೋಡಿದೆನಲ್ಲ!"

"ತಲೆಕೆಳಗು ಹಿಡ್ಕೊಂಡಿದ್ರಿ."

"ನನಗೇಕೆ ಹೇಳಲಿಲ್ಲ?"

"'ಮೇಷ್ಟ್ರಿಗೆ ಹೇಳ್ಬ್ಯಾಡ ಕಣೋ. ಹಲ್ಲು ನಿಂದು, ನಿದ್ದೆ ಕೆಡೋದು ಅವ್ರದ್ದು' ಅಂದ್ರು."

ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಇಷ್ಟು ವರ್ಷ ಎಷ್ಟು ಹುಡುಗರ ಮುಂದೆ ಆ ಖಾಲಿ ಬೇರಿನ ಕಥೆ ಹೇಳಿದೆನೋ ಎಂದು ಮುಖ ಬಿಸಿಯಾಯಿತು. ಆಮೇಲೆ ಹಳೆಯ ಚಾಳಿ ಎದ್ದಿತು. ರಾಜಪ್ಪ ನನ್ನನ್ನು ಆಟವಾಡಿಸುತ್ತಿದ್ದರೆ? ಡಾಕ್ಟರು ಆ ಮಾತು ಹೇಳಿಯೇ ಇಲ್ಲದಿದ್ದರೆ?

"ನಡೆ, ನಾಳೆ ಇನ್ನೊಂದು ಎಕ್ಸ್‌ರೇ ತೆಗೆಸೋಣ" ಎಂದೆ.

"ನಾಳೆ ಮದ್ವೆಮನೇಲಿ ನುಡಿಸ್ಬೇಕು" ಎಂದು ಅವನು ಎದ್ದು ಹೋದ.

ಆಮೇಲೂ ಕೇಳಿದ್ದೇನೆ. ಅವನು ಬರುವುದಿಲ್ಲ. ಆ ತುದಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಆಣೆಯಿಟ್ಟು ಹೇಳಬಲ್ಲ ಒಬ್ಬರು ಹಾಸನದಲ್ಲಿ ಮಣ್ಣಾದರು. ನನಗೆ ಉಳಿದಿರುವ ಸಾಕ್ಷ್ಯ ಒಂದೇ. ಇಂದು ಬೆಳಿಗ್ಗೆ ರಾಜಪ್ಪ ಕೊಳಾಯಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಾಗ ಬೇಲಿಯ ಈಚೆ ನಿಂತು ಇಣುಕಿ ನೋಡಿದೆ. ಹಲ್ಲು ಇತ್ತು.